ಬಿಚ್ಚುವ ಮೊದಲು ಅಳೆಯಿರಿ: ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟೈ ರಾಡ್

ಹಳೆಯ ಸ್ಪೋರ್ಟ್ಸ್ ಕಾರಿನ ಸ್ಟೀರಿಂಗನ್ನು ಒಂದು ಬೆರಳಗಲ ತಿರುಗಿಸುತ್ತೀರಿ. ಕಾರು ‘ಇರಿ, ಬಂದೆ’ ಅನ್ನುವ ಹಾಗೆ ಒಂದು ಗಳಿಗೆ ತಡೆದು ಆಮೇಲೆ ತಿರುಗುತ್ತದೆ. ಆ ತಡಕ್ಕೆ ಬಹಳ ಸಲ ಕಾರಣ ಟೈ ರಾಡ್. ಸ್ಟೀರಿಂಗ್ ರ್‍ಯಾಕ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು ಅದು. (ಸ್ಟೀರಿಂಗ್ ತಿರುಗಿಸಿದಾಗ ಎಡಬಲಕ್ಕೆ ಸರಿಯುವ ಹಲ್ಲಿನ ಪಟ್ಟಿಯೇ ರ್‍ಯಾಕ್.) ಎರಡು ತುದಿಗೂ ಒಂದೊಂದು ಜಾಯಿಂಟ್.

ಪೋರ್ಷೆ 911 ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ 911ರಲ್ಲಿ ಒಳತುದಿಯ ಜಾಯಿಂಟ್‌ಗೆ ರಬ್ಬರ್ ಇದೆ. ರಸ್ತೆಯ ಕುಲುಕಾಟ ಕೈವರೆಗೆ ಬರದಿರಲಿ ಅಂತ. ರಬ್ಬರ್‌ಗೆ ವಯಸ್ಸಾದರೆ ಕುಲುಕಾಟದ ಜೊತೆ ನಿಮ್ಮ ತಿರುವನ್ನೂ ನುಂಗುತ್ತದೆ. 1975ರಲ್ಲಿ ಬಂದ 911 ಟರ್ಬೊದ ಟೈ ರಾಡ್‌ನಲ್ಲಿ ಅಲ್ಲಿ ಲೋಹದ ಬಾಲ್ ಜಾಯಿಂಟ್. ಅದನ್ನೇ 1989ರವರೆಗಿನ ಸಾಧಾರಣ 911ಗಳಿಗೂ ಹಾಕುತ್ತಾರೆ. ‘ಟರ್ಬೊ ಟೈ ರಾಡ್’ ಎಂದೇ ಅದಕ್ಕೆ ಹೆಸರು. ಸ್ಟೀರಿಂಗ್ ಚುರುಕಾಗುತ್ತದೆ, ಹಾಗೇ ಗುಂಡಿಗಳ ಹೊಡೆತವೂ ಕೈಗೆ ಸ್ವಲ್ಪ ಜಾಸ್ತಿ ಬರುತ್ತದೆ. ನನಗೆ ಅದು ಇಷ್ಟ. ಎಲ್ಲರಿಗೂ ಇಷ್ಟವಾಗಬೇಕೆಂದೇನಿಲ್ಲ.

ಮೊದಲು ತಪ್ಪು ಎಲ್ಲಿದೆ ಅಂತ ನೋಡಿ. ಮುಂದಿನ ಭಾಗವನ್ನು ಜ್ಯಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕಾರಿನಡಿ ಹೋಗಲೇಬೇಡಿ. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಅನುಮಾನ ಟೈ ರಾಡ್ ಅಥವಾ ರ್‍ಯಾಕ್ ಮೇಲೆ. 12 ಮತ್ತು 6ರಲ್ಲಿ ಹಿಡಿದಾಗಲೂ ಅಲ್ಲಾಡಿದರೆ ವೀಲ್ ಬೇರಿಂಗ್ ಅಥವಾ ಸಸ್ಪೆನ್ಷನ್ ಜಾಯಿಂಟ್ ನೋಡಬೇಕು. ಅದನ್ನು ಹಾಗೇ ಬಿಟ್ಟು ಟೈ ರಾಡ್ ಹಾಕಿದರೆ ದುಡ್ಡು ದಂಡ.

ಇನ್ನು ಅಳತೆ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಹುಮ್ಮಸ್ಸಿನಲ್ಲಿ ಸೀದಾ ಸ್ಪ್ಯಾನರ್‌ಗೇ ಕೈ ಹಾಕಿದ್ದೆ. ಹೊಸ ರಾಡ್ ಕೂತಿತು, ಕಾರು ನೆಟ್ಟಗೂ ಹೋಯಿತು, ಆದರೆ ಸ್ಟೀರಿಂಗ್ ಮಾತ್ರ ಕತ್ತು ವಾಲಿಸಿಕೊಂಡಂತೆ ಓರೆಯಾಗಿ ನಿಂತಿತ್ತು. ಅದೊಂದನ್ನು ಸರಿಪಡಿಸಿ ಸುಮ್ನಾದೆ. ಕೆಲವೇ ತಿಂಗಳಲ್ಲಿ ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಸವೆದು ಹೋಯಿತು. ಆದ್ದರಿಂದ ಸ್ಟೀರಿಂಗ್ ನೆಟ್ಟಗಿಟ್ಟು ಮೇಲುಭಾಗಕ್ಕೆ ಒಂದು ಟೇಪ್ ತುಂಡು ಅಂಟಿಸಿ. ಎರಡೂ ಬದಿಯಲ್ಲಿ ಒಳ ಜಾಯಿಂಟ್‌ನಿಂದ ಹೊರ ಜಾಯಿಂಟ್‌ನ ನಡುವಿನವರೆಗೆ ಎಷ್ಟು ಉದ್ದ ಅಂತ ಅಳೆದು ಬರೆದಿಟ್ಟುಕೊಳ್ಳಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹೊರ ಜಾಯಿಂಟ್‌ನ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ. ಪೂರ್ತಿ ತೆಗೆಯಬೇಡಿ, ನಾಲ್ಕೈದು ಥ್ರೆಡ್‌ನಷ್ಟು ಉಳಿಸಿ. ಜಾಯಿಂಟ್‌ನ ಮೊಳೆ ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮ್‌ನ ತೂತಿನಲ್ಲಿ ಬೆಣೆ ಹೊಡೆದ ಹಾಗೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಪುಲ್ಲರ್ (ಜಾಯಿಂಟ್ ಹೊರತಳ್ಳುವ ಸಾಧನ) ಹಾಕಿ ನಿಧಾನವಾಗಿ ಬಿಗಿಯುತ್ತಾ ಹೋಗಿ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಗ ಆರ್ಮ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದು ಏಟು ಕೊಡಿ. ‘ಠಣ್’ ಎಂದು ಎದೆ ಧಸಕ್ಕೆನ್ನುವ ಸದ್ದಿನೊಂದಿಗೆ ಬಿಟ್ಟುಕೊಳ್ಳುತ್ತದೆ. ನಟ್ ಉಳಿಸಿದ್ದು ಇದಕ್ಕೇ. ಇಲ್ಲದಿದ್ದರೆ ಎಲ್ಲವೂ ಮುಖಕ್ಕೆ ಹಾರುತ್ತಿತ್ತು. ಕವಲು ಕೋಲಿನಂಥ ಸಾಧನವೂ ಸಿಗುತ್ತದೆ. ಅದು ಜಾಯಿಂಟ್‌ನ ರಬ್ಬರ್ ಬೂಟ್ (ಕವಚ) ಹರಿಯುತ್ತದೆ. ಎಸೆಯುವ ಜಾಯಿಂಟ್‌ಗೆ ಮಾತ್ರ ಬಳಸಿ.

ರ್‍ಯಾಕ್‌ನ ರಬ್ಬರ್ ಬೆಲ್ಲೋ (ಮಡಿಕೆ ಮಡಿಕೆಯ ಕವಚ) ಸರಿಸಿ ಒಳತುದಿ ಬಿಚ್ಚುವಾಗ ರ್‍ಯಾಕ್ ತಿರುಚಿಕೊಳ್ಳದಂತೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿಯಿರಿ. ಇಲ್ಲವಾದರೆ ಆ ಬಲವೆಲ್ಲ ಒಳಗಿನ ಹಲ್ಲುಗಳ ಮೇಲೆ ಬೀಳುತ್ತದೆ.

ಕೂರಿಸುವುದು

ರ್‍ಯಾಕ್‌ನ ತುದಿ ಒರೆಸಿ, ತುಕ್ಕು ಇದೆಯೇ ನೋಡಿ, ಗ್ರೀಸ್ ಹಚ್ಚಿ. ಟರ್ಬೊ ರಾಡ್ ಕಿಟ್‌ನಲ್ಲಿ ರ್‍ಯಾಕ್‌ನ ಓಟ ತಡೆಯುವ ಬಿಲ್ಲೆಗಳೂ ಬರುತ್ತವೆ. ಸಣ್ಣ ವಸ್ತು ಅಂತ ಪೆಟ್ಟಿಗೆಯಲ್ಲೇ ಬಿಡುವವರಿದ್ದಾರೆ. ಅದಿಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರ್‍ಯಾಕ್ ಮಿತಿ ಮೀರಿ ಚಲಿಸುತ್ತದೆ. ಬಿಗಿತ ಎಷ್ಟಿರಬೇಕೆಂದು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ಹೇಳುತ್ತದೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಬಳಸಿ, ಅಂದಾಜು ಬೇಡ.

ರಾಡ್‌ನ ಉದ್ದವನ್ನು ಬರೆದಿಟ್ಟ ಅಳತೆಗೆ ತನ್ನಿ. ಹೊರಗಿನ ನಟ್ ಬಿಗಿದ ಮೇಲೆ ಪಿನ್ನಿನ ತೂತು ಸರಿಯಾಗಿ ಎದುರು ಬರದಿದ್ದರೆ ಮುಂದಕ್ಕೇ ಬಿಗಿಯಿರಿ. ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಹೊಸದೇ ಇರಲಿ, ಹಳೆಯದನ್ನು ನೆಟ್ಟಗೆ ಮಾಡಿ ಹಾಕುವ ಜಿಪುಣತನ ಇಲ್ಲಿ ಬೇಡ.

ದಾರ ಕಟ್ಟಿ ಟೋ ನೋಡುವುದು

ಮುಂದಿನ ಚಕ್ರಗಳನ್ನು ಮೇಲಿನಿಂದ ನೋಡಿದಾಗ ಮುಂದಿನ ಅಂಚುಗಳು ಸ್ವಲ್ಪ ಒಳಗೆ ಬಾಗಿದ್ದರೆ ಟೋ ಇನ್. ಹೊರಗೆ ಬಾಗಿದ್ದರೆ ಟೋ ಔಟ್. ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಸಣ್ಣ ಟೋ ಇನ್ ಇಡುತ್ತಾರೆ, ಏಕೆಂದರೆ ಓಡುವಾಗ ರಸ್ತೆಯ ಎಳೆತ ಚಕ್ರಗಳನ್ನು ಹೊರಕ್ಕೆ ತೆರೆಯುತ್ತದೆ. ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಅದು 1/16ರಿಂದ 3/32 ಇಂಚು. ಅಂದರೆ ಬರೀ 1.6ರಿಂದ 2.4 ಮಿಲಿಮೀಟರ್.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲು) ಬದಲಿಸುವುದಿದ್ದರೆ ಮೊದಲೇ ಮುಗಿಸಿ. ಅವು ಬದಲಾದರೆ ಟೋ ಕೂಡ ಬದಲಾಗುತ್ತದೆ. ಸಮತಟ್ಟಾದ ನೆಲ, ಟೈರ್‌ನಲ್ಲಿ ಸರಿಯಾದ ಗಾಳಿ, ಸೀಟಿನ ಮೇಲೆ ಚಾಲಕನಷ್ಟು ತೂಕ ಇರಲಿ. ಕಾರನ್ನು ನಾಲ್ಕಾರು ಮೀಟರ್ ಹಿಂದೆ ಮುಂದೆ ತಳ್ಳಿ, ಮುಂಭಾಗವನ್ನು ಒತ್ತಿ ಬಿಡಿ. ಸಸ್ಪೆನ್ಷನ್ ತನ್ನ ಜಾಗಕ್ಕೆ ಬರಲಿ. ಸ್ಟೀರಿಂಗನ್ನು ಎಡಕ್ಕೆ ಕೊನೆಮುಟ್ಟಿಸಿ, ಬಲಕ್ಕೆ ಕೊನೆವರೆಗೆ ಸುತ್ತು ಎಣಿಸಿ, ಅರ್ಧಕ್ಕೆ ತಂದು ಕಟ್ಟಿಹಾಕಿ. ರ್‍ಯಾಕ್ ನಡುವಿಗೆ ಬಂತು.

ಕಾರಿನ ಎರಡೂ ಬದಿಗೆ, ಚಕ್ರದ ನಡುಮಟ್ಟದಲ್ಲಿ, ಉದ್ದಕ್ಕೆ ದಾರ ಎಳೆದು ಕಟ್ಟಿ. ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ದಾರದಿಂದ ಎಡ, ಬಲ ಹಬ್‌ಗಳಿಗಿರುವ ದೂರ ಮುಂದೆ ಒಂದೇ ಇರಬೇಕು, ಹಿಂದೆಯೂ ಒಂದೇ ಇರಬೇಕು. ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಎಷ್ಟೋ ಕಾರುಗಳಲ್ಲಿ ಹಿಂದಿನ ಚಕ್ರಗಳ ಅಗಲವೇ ಬೇರೆ. ಈ ಹೊಂದಿಸಾಟಕ್ಕೇ ಅರ್ಧ ಗಂಟೆ ಹೋಗುತ್ತದೆ. ಯಾರಾದರೂ ದಾರ ಎಡವಿದರೆ ಮತ್ತೆ ಮೊದಲಿನಿಂದ!

ಈಗ ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಮುಂದಿನ ಅಂಚಿನ ಅಳತೆ ಜಾಸ್ತಿ ಬಂದರೆ ಟೋ ಇನ್. ಎರಡೂ ಚಕ್ರದ ವ್ಯತ್ಯಾಸ ಕೂಡಿಸಿದರೆ ಒಟ್ಟು ಟೋ.

ಸರಿಪಡಿಸಲು ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಬೇಕು. ಬೆಲ್ಲೋ ಜೊತೆಗೇ ತಿರುಚದಂತೆ ಮೊದಲು ಅದರ ಸಣ್ಣ ಕ್ಲಿಪ್ ಸಡಿಲಿಸಿ. ರಾಡ್ ಆಕ್ಸಲ್‌ನ ಹಿಂದಿದ್ದರೆ ಉದ್ದ ಮಾಡಿದಾಗ ಟೋ ಇನ್ ಜಾಸ್ತಿ, ಮುಂದಿದ್ದರೆ ಉಲ್ಟಾ. ಥ್ರೆಡ್‌ನ ಅಂತರ 1.5 ಮಿಲಿಮೀಟರ್, ಸ್ಟೀರಿಂಗ್ ಆರ್ಮ್ 15 ಸೆಂಟಿಮೀಟರ್ ಅಂದುಕೊಳ್ಳಿ. ರಾಡ್‌ನ ಒಂದೇ ಸುತ್ತಿಗೆ 15 ಇಂಚಿನ ರಿಮ್‌ನಲ್ಲಿ 4 ಮಿಲಿಮೀಟರ್ ಹತ್ತಿರ ಬದಲಾವಣೆ! ಹಾಗಾಗಿ ಕಾಲು ಸುತ್ತು, ಎರಡೂ ಬದಿಗೆ ಸಮನಾಗಿ. ಪ್ರತಿ ಸಲವೂ ಕಾರನ್ನು ತಳ್ಳಿ ಮತ್ತೆ ಅಳೆಯಿರಿ. ಬೇಸರದ ಕೆಲಸವೇ. ಆದರೆ ಒಂದು ಸಲ ಬಿಟ್ಟರೂ ಅಳತೆ ಸುಳ್ಳು ಹೇಳುತ್ತದೆ.

ಓಡಿಸಿ ನೋಡಿದಾಗ ಕಾರು ನೇರ ಹೋಗುತ್ತಾ ಸ್ಟೀರಿಂಗ್ ಓರೆ ಇದ್ದರೆ ಒಂದು ಬದಿ ಎಷ್ಟು ಗಿಡ್ಡ ಮಾಡುತ್ತೀರೋ ಇನ್ನೊಂದು ಬದಿ ಅಷ್ಟೇ ಉದ್ದ ಮಾಡಿ. ಟೋ ಕೆಡುವುದಿಲ್ಲ. ಕಾರನ್ನು ತಗ್ಗಿಸಿದ್ದು, ಉಬ್ಬು ದಾಟುವಾಗ ತಾನಾಗಿ ಪಕ್ಕಕ್ಕೆ ಎಳೆದರೆ ದೋಷ ಟೋದಲ್ಲಿಲ್ಲ. ಟೈ ರಾಡ್‌ನ ಓರೆ ಬದಲಾಗಿದೆ. 911ರಲ್ಲಿ ರ್‍ಯಾಕ್‌ನ ಅಡಿಗೆ ಬಿಲ್ಲೆ ಕೊಟ್ಟು ಎತ್ತುತ್ತಾರೆ.

ಕೊನೆಗೆ ಲಾಕ್ ನಟ್ ಬಿಗಿದು, ನಟ್ ಮತ್ತು ರಾಡ್ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. 100 ಕಿಲೋಮೀಟರ್ ಓಡಿದ ಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ದಾರ ಮತ್ತೆ ಕಟ್ಟಬೇಕು.