ರೀಲು ಕರಕರ ಅಂದರೆ ಎಣ್ಣೆ ಡಬ್ಬಿ ಆಮೇಲೆ, ಕಿವಿ ಮೊದಲು

ಹೋದ ಡಿಸೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೇ ಸೂಳೆಕೆರೆ ದಂಡೆಗೆ ಹೋಗಿ ಗಾಳ ಎಸೆದೆ. ದಾರ ಸುತ್ತೋಣ ಅಂದರೆ ರೀಲಿನ ಹಿಡಿ ತಿರುಗಲು ಒಲ್ಲದು, ಹಿಟ್ಟು ರುಬ್ಬಿದ ಹಾಗೆ ಬಿಗಿ. ಹಿಂದಿನ ತಿಂಗಳು ಅದಕ್ಕೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಚ್ಚಲ ಮನೆಯ ಬಾಟಲಿಯಲ್ಲಿ ದಿನಾ ನೋಡುವುದೇ, ಆದರೂ ಹೊಳೆದಿರಲಿಲ್ಲ. ಪಕ್ಕದಲ್ಲಿ ಬಿದಿರು ಕೋಲು ಹಿಡಿದು ಕೂತಿದ್ದ ಅಜ್ಜ ಅಷ್ಟರಲ್ಲಿ ಎರಡು ಜಿಲೇಬಿ ಮೀನು ಎಳೆದು, "ನಂದಕ್ಕೆ ಎಣ್ಣೇನೇ ಬೇಡ ನೋಡಪ್ಪಾ" ಅಂದರು.

ರೀಲು ಕೆಡುವುದು ಎಣ್ಣೆ ಕಡಿಮೆಯಾಗಿ ಅಷ್ಟೇ ಅಲ್ಲ. ತಪ್ಪು ಎಣ್ಣೆ, ಜಾಸ್ತಿ ಎಣ್ಣೆ ಹಾಕಿಯೂ ಕೆಡುತ್ತದೆ. ಹಾಗಾಗಿ ಮೊದಲು ಕಿವಿ ಕೊಡಿ.

ದಾರಕ್ಕೆ ಭಾರ ಕೊಡದೆ ಹಿಡಿಯನ್ನು ನಿಧಾನಕ್ಕೆ ತಿರುಗಿಸಿ. ಆಗಲೇ ಕರಕರ ಅಂದರೆ ಗೇರಿಗೋ ಬೇರಿಂಗಿಗೋ ಮಣ್ಣು ಹೋಗಿರಬಹುದು. ಸುಮ್ನೆ ತಿರುಗಿಸಿದಾಗ ಸದ್ದಿಲ್ಲ, ದಾರ ಬಿಗಿಯಾದಾಗ ಮಾತ್ರ ಕಿರ್ರ್ ಅನ್ನುತ್ತದೆಯಾ? ಮೊದಲು ಲೈನ್ ರೋಲರ್ ನೋಡಿ. ಹಿಡಿ ಹಿಂದಕ್ಕೆ ಜಾರುತ್ತಿದ್ದರೆ, ಅದನ್ನು ತಡೆಯುವ ಆಂಟಿ ರಿವರ್ಸ್ ಬೇರಿಂಗಿಗೆ ಯಾರೋ ಗ್ರೀಸ್ ತುಂಬಿರುವ ಸಾಧ್ಯತೆ ಜಾಸ್ತಿ. ಆ 'ಯಾರೋ' ಸಾಮಾನ್ಯವಾಗಿ ನಾವೇ.

ಲೈನ್ ರೋಲರ್ ಅಂದರೆ ತಂತಿ ಬಳೆಯ ತುದಿಯಲ್ಲಿರುವ ಪುಟ್ಟ ಗಾಲಿ. ದಾರ ತಿರುವು ತೆಗೆದುಕೊಳ್ಳುವುದು ಅದರ ಮೇಲೆಯೇ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಬೆರಳ ತುದಿಯಿಂದ ಒಮ್ಮೆ ಸವರಿ. ಸಲೀಸಾಗಿ ಸುತ್ತಬೇಕು. ನಿಂತುಹೋಗಿದ್ದರೆ ದಾರ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅಲ್ಲಿ ಗೆರೆ ಕೊರೆಯುತ್ತದೆ, ದಾರವೂ ಸವೆಯುತ್ತದೆ, ನುಲಿ ಬೀಳುತ್ತದೆ. ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ ಬಿಟ್ಟರೆ ಸಾಕು. ಬಳೆಯ ಎರಡೂ ಕೀಲುಗಳಿಗೆ, ಹಿಡಿಯ ಗುಬ್ಬಿಗೆ ಹೀಗೆಯೇ ಒಂದೊಂದು ಹನಿ.

ಪ್ರತಿ ಸಲ ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆರೆ ನೀರಿಗೆ ಅಷ್ಟು ಸಾಕು. ಮಲ್ಪೆ, ಕಾರವಾರದ ಕಡೆ ಹೋಗಿದ್ದರೆ ಮಾತ್ರ ಅವತ್ತೇ ಸಿಹಿನೀರಿನಲ್ಲಿ ತೊಳೆಯಲೇಬೇಕು. ಡ್ರ್ಯಾಗ್ (ಮೀನು ಎಳೆದಾಗ ದಾರ ಸುಲಭಕ್ಕೆ ಬಿಚ್ಚಿಕೊಳ್ಳದಂತೆ ಹಿಡಿಯುವ ಬ್ರೇಕು) ಬಿಗಿ ಮಾಡಿ, ಚೊಂಬಿನಿಂದ ಸಣ್ಣಗೆ ನೀರು ಬಿಡಿ. ಬೈಕ್ ತೊಳೆಯುವ ಪೈಪು ಹಿಡಿದರೆ ಉಪ್ಪು, ಮರಳು ಎರಡನ್ನೂ ನೀವೇ ಒಳಗೆ ನೂಕಿದಂತೆ.

ಪೂರ್ತಿ ಬಿಚ್ಚುವ ಕೆಲಸ ವರ್ಷಕ್ಕೊಮ್ಮೆ ಸಾಕು. ಹರಿಹರದ ಹೊಳೆಯಲ್ಲಿ ರೀಲು ಮರಳಿಗೆ ಬಿದ್ದಿದ್ದರೆ ಕಾಯಬೇಡಿ. ದಾರ ಸುತ್ತಿರುವ ಸ್ಪೂಲ್ ತೆಗೆದು, ಹಿಡಿ ಬಿಚ್ಚಿ, ಪಕ್ಕದ ಮುಚ್ಚಳದ ಸ್ಕ್ರೂ ತೆಗೆಯಿರಿ. ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಒಂದು ಫೋಟೊ. ಬಿಡಿಭಾಗ ಇಡಲು ನಾನು ಹಳೇ ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೇನೆ. ಬಿಚ್ಚಿದ ಕ್ರಮದಲ್ಲೇ ಗುಳಿಗೊಂದು ಭಾಗ, ಜೋಡಿಸುವಾಗ ಹಿಂದಿನಿಂದ ಬಂದರಾಯಿತು. (ತೂತಿಲ್ಲದ ತಟ್ಟೆ ಆಗಬೇಕು. ಮನೆಯವರನ್ನು ಕೇಳಿ ತೆಗೆದುಕೊಳ್ಳಿ.) ಗೇರಿನ ಪಕ್ಕ ಕಾಗದದಷ್ಟು ತೆಳ್ಳನೆಯ ವಾಷರ್ ಇರುತ್ತದೆ, ಗ್ರೀಸಿಗೆ ಅಂಟಿಕೊಂಡು ಕಾಣುವುದೇ ಇಲ್ಲ. ಅದು ಕಸದ ಬಟ್ಟೆ ಜೊತೆ ಹೋಯಿತೋ, ಗೇರು ಸರಿಯಾಗಿ ಕೂರುವುದಿಲ್ಲ.

ಹಳೇ ಗ್ರೀಸನ್ನು ಬಟ್ಟೆ ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಸೀಮೆಎಣ್ಣೆ ಲೋಹದ ಗೇರಿಗೆ ಮಾತ್ರ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ. ಚೆನ್ನಾಗಿ ಒಣಗಿದ ಮೇಲೆ ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಸವರಿ. ನಾವು ದಾವಣಗೆರೆಯವರು, ಕೈ ಸ್ವಲ್ಪ ದೊಡ್ಡದು. ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಿದರೆ ಹಿಡಿ ಭಾರವಾಗುತ್ತದೆ. ಆಂಟಿ ರಿವರ್ಸ್ ಬೇರಿಂಗಿಗೆ ಗ್ರೀಸ್ ಬೇಡವೇ ಬೇಡ. ಡ್ರ್ಯಾಗಿನ ಫೆಲ್ಟ್ ವಾಷರ್‌ಗೂ ಮಾಮೂಲಿ ಎಣ್ಣೆ ಬೇಡ, ದೊಡ್ಡ ಕಾಟ್ಲಾ ಎಳೆದಾಗ ಜಾರಿಬಿಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮುಗಿಸುವವರೂ ಇದ್ದಾರೆ. ಅದು ಒಳಗಿರುವ ಗ್ರೀಸನ್ನೂ ಕರಗಿಸಿಬಿಡುತ್ತದೆ.

ಎತ್ತಿಡುವಾಗ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಒತ್ತಡದಲ್ಲಿ ವಾಷರ್ ಚಪ್ಪಟೆಯಾಗುತ್ತದೆ. ಮತ್ತೆ ಗಾಳ ಹಾಕುವಾಗ ಬಿಗಿ ಮಾಡುವುದು ಮರೆಯುವ ಚಾಳಿ ನನಗೆ. ಅದಕ್ಕೇ ಹಿಡಿಗೆ ಒಂದು ಕೆಂಪು ದಾರ ಕಟ್ಟಿಡುತ್ತೇನೆ, ಡ್ರ್ಯಾಗ್ ಬಿಗಿ ಮಾಡಿದ ಮೇಲೆಯೇ ಅದನ್ನು ಬಿಚ್ಚುವುದು.