ವೋಲ್ಟೇಜು ಮತ್ತು ಪ್ರವಾಹದಿಂದ ರೋಧವನ್ನೂ ಸಾಮರ್ಥ್ಯವನ್ನೂ ಲೆಕ್ಕ ಹಾಕುವ ಬಗೆ

ದೀಪಾವಳಿ ಕಳೆದು ಅಡಿಕೆ ತೋಟಗಳಿಗೆ ನೀರು ಬಿಡಲು ಶುರುವಾಯಿತೆಂದರೆ ಹಿರಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಸಂಜೆ ವೋಲ್ಟೇಜು ಇಳಿಯುತ್ತದೆ, ಸ್ನಾನದ ನೀರು ಬೇಗ ಕಾಯುವುದಿಲ್ಲ. ನೀರು ಕಾಯಿಸುವ ರಾಡ್ ಹಾಳಾಗಿದೆಯೆಂದು ಹೊಸದನ್ನು ಕೊಳ್ಳುವ ಮೊದಲು ಎರಡು ಅಳತೆಗಳನ್ನು ತೆಗೆದುಕೊಂಡು ಒಂದು ಭಾಗಾಕಾರ, ಒಂದು ಗುಣಾಕಾರ ಮಾಡಿದರೆ ತಪ್ಪು ಯಾವುದರದೆಂದು ತಿಳಿಯುತ್ತದೆ.

ಮಾತಿನಲ್ಲಿ ನಾವು ಎಲ್ಲವನ್ನೂ ‘ಕರೆಂಟು’ ಎಂದುಬಿಡುತ್ತೇವೆ. ಲೆಕ್ಕಕ್ಕೆ ಕುಳಿತಾಗ ಬಿಡಿಸಿ ನೋಡಬೇಕು. ವಿದ್ಯುತ್ತನ್ನು ತಳ್ಳುವ ಒತ್ತಡವನ್ನು ವೋಲ್ಟ್‌ಗಳಲ್ಲಿ, ಹರಿಯುವ ಪ್ರವಾಹವನ್ನು ಆಂಪಿಯರ್‌ಗಳಲ್ಲಿ, ಆ ಹರಿವಿಗೆ ಉಪಕರಣ ಒಡ್ಡುವ ರೋಧವನ್ನು ಓಮ್‌ಗಳಲ್ಲಿ, ಪ್ರತಿ ಸೆಕೆಂಡಿಗೆ ಬಳಕೆಯಾಗುವ ಶಕ್ತಿಯನ್ನು, ಅಂದರೆ ಸಾಮರ್ಥ್ಯವನ್ನು, ವ್ಯಾಟ್‌ಗಳಲ್ಲಿ ಹೇಳುತ್ತಾರೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಮೊದಲನೆಯ ಸೂತ್ರ ಬರುತ್ತದೆ. ಎರಡನೆಯದು ಅದರ ಜೊತೆಯದು.

ರೋಧ = ವೋಲ್ಟೇಜು ÷ ಪ್ರವಾಹ
ಸಾಮರ್ಥ್ಯ = ವೋಲ್ಟೇಜು × ಪ್ರವಾಹ

ರಾಡನ್ನು ಬಕೆಟ್ಟಿನ ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಬೇಕು; ಆಮೇಲೆ ಆ ನೀರನ್ನು ಮುಟ್ಟಬಾರದು. ಪ್ರವಾಹವನ್ನು ಅಳೆಯಲು ಕ್ಲ್ಯಾಂಪ್ ಮೀಟರ್, ಅಂದರೆ ಇಕ್ಕಳದಂತಹ ಬಾಯಿಯಿಂದ ತಂತಿಯನ್ನು ಸುತ್ತುವರಿದು ಅಳೆಯುವ ಮೀಟರ್, ಸುರಕ್ಷಿತ, ಏಕೆಂದರೆ ತಂತಿಯನ್ನು ಕತ್ತರಿಸಬೇಕಾಗಿಲ್ಲ. ಆದರೆ ಅದರ ಬಾಯಿಯೊಳಗೆ ಒಂದೇ ತಂತಿ ಇರಬೇಕು. ನಾನು ಮೊದಲ ಸಲ ರಾಡಿನ ವೈರನ್ನು ಇಡಿಯಾಗಿ ಒಳಗೆ ತೂರಿಸಿ, ಸೊನ್ನೆ ತೋರಿಸಿದಾಗ ಮೀಟರನ್ನೇ ಬೈದಿದ್ದೆ. ಹೋಗುವ ಮತ್ತು ಮರಳುವ ಪ್ರವಾಹಗಳು ಒಂದನ್ನೊಂದು ರದ್ದು ಮಾಡಿಕೊಂಡಿದ್ದವು. ಫೇಸ್ ತಂತಿಯನ್ನು ಬೇರೆಯಾಗಿ ಹೊರಗೆ ಬಿಟ್ಟಿರುವ ಮೋಟು ಎಕ್ಸ್‌ಟೆನ್ಶನ್ನೊಂದನ್ನು ಇಲೆಕ್ಟ್ರಿಶಿಯನ್ ಕೈಯಲ್ಲಿ ಮಾಡಿಸಿಕೊಂಡರೆ ಈ ತೊಂದರೆ ಇಲ್ಲ.

ನಮ್ಮಲ್ಲಿ ಒಂದು ಸಂಜೆ ಸಿಕ್ಕಿದ ಅಳತೆ 208 ವೋಲ್ಟ್, 5.9 ಆಂಪಿಯರ್. ಭಾಗಿಸಿದರೆ ರೋಧ ಸುಮಾರು 35.3 ಓಮ್, ಗುಣಿಸಿದರೆ ಸಾಮರ್ಥ್ಯ ಸುಮಾರು 1227 ವ್ಯಾಟ್. ರಾಡಿನ ಮೇಲೆ ಮಾತ್ರ 1500 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ಬರೆದದ್ದು ಸುಳ್ಳೇ ಎಂದು ನೋಡಲು ಎರಡೂ ಸೂತ್ರಗಳನ್ನು ಕೂಡಿಸಿ, ವೋಲ್ಟೇಜಿನ ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಬೇಕು: 230 × 230 ÷ 1500, ಅಂದರೆ ಮತ್ತೆ 35.3 ಓಮ್. ರಾಡ್ ಸರಿಯಾಗಿಯೇ ಇದೆ. ಉಪಕರಣದ ಸ್ವಂತ ಗುಣವೆಂದರೆ ಅದರ ರೋಧ. ಚೀಟಿಯಲ್ಲಿರುವ ವ್ಯಾಟ್ ಅದೇ ಚೀಟಿಯ ವೋಲ್ಟೇಜಿಗೆ ಮಾತ್ರ ಸಲ್ಲುತ್ತದೆ. ವೋಲ್ಟೇಜು ಸುಮಾರು ನೂರಕ್ಕೆ ಹತ್ತರಷ್ಟು ಇಳಿದರೆ ಪ್ರವಾಹವೂ ಅಷ್ಟೇ ಇಳಿಯುವುದರಿಂದ ಸಾಮರ್ಥ್ಯ ನೂರಕ್ಕೆ ಹದಿನೆಂಟರಷ್ಟು ಕುಸಿಯುತ್ತದೆ. ಇಪ್ಪತ್ತು ಲೀಟರ್ ನೀರನ್ನು 27 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 1500 ವ್ಯಾಟ್‌ಗೆ ಸುಮಾರು 17 ನಿಮಿಷ ಸಾಕು, 1227 ವ್ಯಾಟ್‌ಗೆ ಇಪ್ಪತ್ತೂವರೆ ನಿಮಿಷ ಬೇಕು. ಯೂನಿಟ್ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 0.42.

ಈ ಲೆಕ್ಕ ರಾಡ್, ಇಸ್ತ್ರಿಪೆಟ್ಟಿಗೆಗಳಂತಹ ಬರೀ ಬಿಸಿಮಾಡುವ ಉಪಕರಣಗಳಿಗೆ ನೇರವಾಗಿ ಹೊಂದುತ್ತದೆ. ಹಳೆಯ 100 ವ್ಯಾಟ್ ಬಲ್ಬು ಉರಿಯುವಾಗ 529 ಓಮ್ ಇದ್ದರೂ, ಕಳಚಿ ತಣ್ಣಗಿರುವಾಗ ಮೀಟರ್ ಹಿಡಿದರೆ ಅದರ ಹತ್ತನೆಯ ಒಂದು ಪಾಲೂ ತೋರಿಸದು. ಬಿಸಿಯಾದಂತೆ ತಂತುವಿನ ರೋಧ ಏರುತ್ತದೆ. ಪಂಪಿನ ಮೋಟರಿನ ಪ್ರವಾಹವನ್ನು ವೋಲ್ಟೇಜಿನಿಂದ ಗುಣಿಸಿದರೆ ಸಿಗುವುದು ವೋಲ್ಟ್-ಆಂಪಿಯರ್. ಅದರಲ್ಲಿ ಎಷ್ಟು ಪಾಲು ನಿಜವಾಗಿ ಬಳಕೆಯಾಗುತ್ತದೆಂದು ಹೇಳುವ ಪವರ್ ಫ್ಯಾಕ್ಟರಿನಿಂದ ಅದನ್ನು ಮತ್ತೆ ಗುಣಿಸಿದರೆ ಮಾತ್ರ ವ್ಯಾಟ್ ಆಗುತ್ತದೆ. ಹೊರೆ ಹೊತ್ತು ತಿರುಗುವ ಮೋಟರು ವೋಲ್ಟೇಜು ಇಳಿದಾಗ ರಾಡಿನ ಹಾಗೆ ಕಡಿಮೆ ಎಳೆಯುವ ಬದಲು ಹೆಚ್ಚು ಪ್ರವಾಹವನ್ನು ಎಳೆಯುವುದೂ ಉಂಟು.

ಆದರೆ ಪಂಪಿಗೆ ಹೋಗುವ ತಂತಿಗೆ ಓಮ್‌ನ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ತೋಟದ ಬಾವಿ ಮನೆಯಿಂದ 60 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಂತಿ 120 ಮೀಟರ್. ಒಂದೂವರೆ ಚದರ ಮಿಲಿಮೀಟರ್ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧವಿರುವುದರಿಂದ ಇಲ್ಲಿ 1.45 ಓಮ್ ಆಗುತ್ತದೆ. 7 ಆಂಪಿಯರ್ ಹರಿದಾಗ ದಾರಿಯಲ್ಲೇ 10 ವೋಲ್ಟ್ ಇಳಿದು, 71 ವ್ಯಾಟ್ ತಂತಿಯನ್ನು ಬಿಸಿಮಾಡುವುದರಲ್ಲಿ ಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರ್ ತಂತಿ ಹಾಕಿದರೆ ಇಳಿಕೆ ಸುಮಾರು 6 ವೋಲ್ಟ್, ನಷ್ಟ 44 ವ್ಯಾಟ್. ಸಂಜೆ ಮೊದಲೇ 208 ವೋಲ್ಟ್ ಬರುವ ಮನೆಯಲ್ಲಿ ಉಳಿದ ಆ ನಾಲ್ಕು ವೋಲ್ಟ್ ಪಂಪಿಗೆ ಸಣ್ಣದಲ್ಲ.