ವಿಮಾನಕ್ಕೆ ಕೂರಿಸುವ ಮೊದಲು ಇಂಜಿನ್ ಓಡಿಸಿ ನೋಡುವುದು ಹೇಗೆ

ನೀವೇ ಕಟ್ಟುತ್ತಿರುವ ವಿಮಾನಕ್ಕೆ ಇಂಜಿನ್ ಕೂರಿಸುವ ಮೊದಲು ಅದನ್ನು ಒಮ್ಮೆ ಸ್ಟ್ಯಾಂಡ್ ಮೇಲೆ ಓಡಿಸಿ. ಕೌಲಿಂಗ್ (ಇಂಜಿನ್ನಿನ ಹೊರ ಕವಚ) ಮುಚ್ಚಿದ ಮೇಲೆ ಸೋರುವ ಆಯಿಲ್ ಪೈಪ್ ಹುಡುಕುವುದು ದೊಡ್ಡ ತಲೆನೋವು, ಸ್ಟ್ಯಾಂಡ್ ಮೇಲಾದರೆ ಅದು ಕಣ್ಣಿಗೇ ಬೀಳುತ್ತದೆ. ಕೆಳಗಿನ ಅಂಕಿಗಳೆಲ್ಲ ಹಗುರ ವಿಮಾನಗಳಿಗೆ ಹಾಕುವ ರೋಟ್ಯಾಕ್ಸ್ 912 ಯುಎಲ್‌ಎಸ್‌ಗೆ ಸೇರಿದ್ದು. ನಿಮ್ಮದು ಬೇರೆ ಇಂಜಿನ್ ಆದರೆ ಅದರ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಜಾಗದಿಂದ ಶುರು ಮಾಡಿ. ಬೆಂಗಳೂರಿನ ಬಡಾವಣೆಯ ಖಾಲಿ ಸೈಟ್ ಬೇಡವೇ ಬೇಡ, ಸದ್ದು ಕೇಳಿದ ತಕ್ಷಣ ಮಕ್ಕಳು ಓಡಿ ಬರುತ್ತಾರೆ. ದೊಡ್ಡಬಳ್ಳಾಪುರದ ಕಡೆಯೋ ಮಾಗಡಿ ಕಡೆಯೋ ಪರಿಚಯದವರ ತೋಟವಿದ್ದರೆ ಕೇಳಿ. ನೆಲ ಗಟ್ಟಿಯಿರಬೇಕು. ಜಲ್ಲಿ, ಕಡ್ಡಿ ಎಲ್ಲ ಗುಡಿಸಿ, ಧೂಳಿದ್ದರೆ ನೀರು ಚಿಮುಕಿಸಿ. ಟಾರ್ಪಾಲಿನ್ ಮಾತ್ರ ಹಾಸಬೇಡಿ, ಪ್ರೊಪೆಲ್ಲರ್ ಅದನ್ನು ಎಳೆದುಕೊಳ್ಳುತ್ತದೆ. ಇಂಜಿನ್ ಮುಖ ಗಾಳಿ ಬರುವ ಕಡೆಗಿರಲಿ.

ಪ್ರೊಪೆಲ್ಲರ್ ಇಲ್ಲದೆ ಓಡಿಸೋಣ, ಅದೇ ಸೇಫ್ ಅಲ್ವಾ ಅಂತ ಕೆಲವರಿಗೆ ಅನ್ನಿಸುತ್ತದೆ. ಹಾಗಲ್ಲ. ಲೋಡ್ ಇಲ್ಲದಿದ್ದರೆ ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಅಂದರೆ ಆರ್‌ಪಿಎಂ ಮಿತಿ ದಾಟಿಬಿಡಬಹುದು, ಗೇರ್‌ಬಾಕ್ಸ್ ಹಾಳಾಗಬಹುದು. ಪ್ರೊಪೆಲ್ಲರ್ ಹಾಕಿದರೆ 100 ಎಚ್‌ಪಿ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 200 ಕೆಜಿ ಆಸುಪಾಸಿನ ಬಲದಲ್ಲಿ ಮುಂದಕ್ಕೆ ಎಳೆಯುತ್ತದೆ. ಆದ್ದರಿಂದ ಪೀಣ್ಯದಲ್ಲಿ ಎಷ್ಟೇ ಚೆನ್ನಾಗಿ ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡ್ ಆಗಿರಲಿ, ಅದನ್ನು ನೆಲಕ್ಕೆ ಬೋಲ್ಟ್ ಮಾಡಿ, ಅದರ ಮೇಲೂ ಹಿಂದಿನಿಂದ ಬೇರೆ ಚೈನ್ ಹಾಕಿ ಬಿಗಿಯಿರಿ. ಒಂದು ಬಿಟ್ಟುಕೊಂಡರೆ ಇನ್ನೊಂದು ತಾನೇ ಹಿಡಿಯುವಂತಿರಬೇಕು.

ಪೆಟ್ರೋಲ್ ವಿಷಯ. ಈಗ ಬಂಕ್‌ಗಳಲ್ಲಿ ಸಿಗುವುದು ಸಾಮಾನ್ಯವಾಗಿ 20% ಎಥನಾಲ್ ಬೆರೆತದ್ದು, ಈ ಇಂಜಿನ್‌ಗೆ ರೋಟ್ಯಾಕ್ಸ್ ಒಪ್ಪುವುದು 10% ಮಾತ್ರ. ಅಳತೆ ಗುರುತಿರುವ ಗಾಜಿನ ಕೊಳವೆಗೆ ಸ್ವಲ್ಪ ನೀರು, ಅದರ ಮೇಲೆ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಬಿಡಿ. ಕೆಳಗಿನ ನೀರಿನ ಮಟ್ಟ ಏರಿದರೆ ಎಥನಾಲ್ ಇದೆ ಅಂತಲೇ ಅರ್ಥ. ಆಮೇಲೆ ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಹರಿವು ಅಳೆಯಿರಿ. ಪೂರ್ತಿ ಥ್ರಾಟಲ್‌ನಲ್ಲಿ ಇಂಜಿನ್ ಗಂಟೆಗೆ 27 ಲೀಟರ್ ಕುಡಿಯುತ್ತದೆ. ಪಂಪ್ ಇಲ್ಲದೆ ಮೇಲಿನ ಟ್ಯಾಂಕಿನಿಂದ ಇಳಿಯುವುದಾದರೆ ಅದರ ಒಂದೂವರೆ ಪಟ್ಟು, ಅಂದರೆ ನಿಮಿಷಕ್ಕೆ ಸುಮಾರು 675 ಮಿಲಿ ಬರಬೇಕು.

ಇನ್ನು ನಿಲ್ಲಿಸುವ ದಾರಿ, ಇದಕ್ಕೇ ಜಾಸ್ತಿ ಗಮನ ಕೊಡಿ. ಈ ಇಂಜಿನ್ನಿನ ಕಾರ್ಬ್ಯುರೇಟರ್‌ನಲ್ಲಿರುವ ಸ್ಪ್ರಿಂಗ್ ಥ್ರಾಟಲ್ಲನ್ನು ತೆರೆಯುವ ಕಡೆಗೆ ಎಳೆಯುತ್ತದೆ, ಕೇಬಲ್ ಕಿತ್ತರೆ ಇಂಜಿನ್ ನಿಲ್ಲುವುದಿಲ್ಲ, ಪೂರ್ತಿ ಜೋರಿಗೆ ಹೋಗುತ್ತದೆ! ಆಗ ಇಗ್ನಿಷನ್ ಸ್ವಿಚ್ಚೇ ಗತಿ. ಆ ಸ್ವಿಚ್ ಇಗ್ನಿಷನ್ನನ್ನು ಅರ್ತ್ ಮಾಡಿ ನಿಲ್ಲಿಸುವಂಥದ್ದು, ವೈರ್ ತುಂಡಾಗಿದ್ದರೆ ಆಫ್ ಮಾಡಿದರೂ ಓಡುತ್ತಲೇ ಇರುತ್ತದೆ. ಹಾಗಾಗಿ ಪೆಟ್ರೋಲ್ ವಾಲ್ವ್ ಕೂಡ ಕಂಟ್ರೋಲ್ ಹತ್ತಿರವೇ, ಪ್ರೊಪೆಲ್ಲರ್ ಹಿಂದೆ ಇರಬೇಕು. ಪ್ರೊಪೆಲ್ಲರ್ ಸುತ್ತುವ ಗೆರೆಯ ನೇರದಲ್ಲಿ ಯಾರೂ ನಿಲ್ಲಕೂಡದು.

ಮೂರು ಜನ ಬೇಕು. ಒಬ್ಬರು ಕಂಟ್ರೋಲ್‌ಗೆ, ಒಬ್ಬರು ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಿಡಿದು, ಒಬ್ಬರು ಸುಮ್ನೆ ಸುತ್ತಮುತ್ತ ಕಾಯುವುದಕ್ಕೆ. ಮಾತು ಕೇಳಿಸುವುದಿಲ್ಲ, ಕೈಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ. ಮೂವರಲ್ಲಿ ಯಾರು ನಿಲ್ಲಿಸು ಅಂದರೂ ತಕ್ಷಣ ನಿಲ್ಲಬೇಕು, ಕಾರಣ ಆಮೇಲೆ ಕೇಳಿದರಾಯಿತು.

ಮ್ಯಾನಿಫೋಲ್ಡ್ ಪ್ರೆಷರ್ ಮೀಟರ್ (ಇಂಜಿನ್ ಒಳಕ್ಕೆ ಎಳೆಯುವ ಗಾಳಿಯ ಒತ್ತಡ ತೋರಿಸುವುದು) ಇದ್ದರೆ, ಇಂಜಿನ್ ಆಫ್ ಇರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ, ಅಂದರೆ ಸುಮಾರು 27 ಇಂಚು (ಪಾದರಸದ ಲೆಕ್ಕ) ತೋರಿಸಬೇಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, 30 ತೋರಿಸಿದರೆ ಮೀಟರ್ ಸರಿಯಿಲ್ಲ. ಇಲ್ಲಿ ಶಕ್ತಿಯೂ ಹತ್ತಿರಹತ್ತಿರ 10% ಕಮ್ಮಿ, ಅದಕ್ಕೆ ಕಾರ್ಬ್ಯುರೇಟರ್ ತಿರುಚಲು ಹೋಗಬೇಡಿ.

ಸ್ಟಾರ್ಟ್ ಮಾಡುವ ಮೊದಲು ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್ ತೆಗೆದು, ಇಗ್ನಿಷನ್ ಆಫ್ ಇಟ್ಟು, ಆಯಿಲ್ ಪ್ರೆಷರ್ ಕಾಣುವ ತನಕ ಇಂಜಿನ್ ತಿರುಗಿಸಿ. ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ ಮೇಲೆ 10 ಸೆಕೆಂಡಿನೊಳಗೆ ಪ್ರೆಷರ್ ಏರದಿದ್ದರೆ ಕೂಡಲೇ ಆಫ್. ಏರಿದರೆ 2000 ಆರ್‌ಪಿಎಂನಲ್ಲಿ ಎರಡು ನಿಮಿಷ, ನಂತರ 2500ರಲ್ಲಿ ಆಯಿಲ್ 50 ಡಿಗ್ರಿ ತಲುಪುವವರೆಗೆ. ಇಲ್ಲಿ ನಿಲ್ಲಿಸಿ, ಸೋರಿಕೆ ಮತ್ತು ಬೋಲ್ಟ್ ಎಲ್ಲ ನೋಡಿ.

ಎರಡನೇ ಸಲ ಬಿಸಿಯಾದ ಮೇಲೆ 4000 ಆರ್‌ಪಿಎಂನಲ್ಲಿ ಇಂಜಿನ್ನಿನ ಎರಡು ಇಗ್ನಿಷನ್‌ಗಳಲ್ಲಿ ಒಂದೊಂದನ್ನೇ ಆಫ್ ಮಾಡಿ ನೋಡಿ. ಆರ್‌ಪಿಎಂ 300ಕ್ಕಿಂತ ಜಾಸ್ತಿ ಇಳಿಯಬಾರದು. ಸ್ವಲ್ಪವೂ ಇಳಿಯದಿದ್ದರೆ ಖುಷಿಪಡಬೇಡಿ, ಆ ಇಗ್ನಿಷನ್ ಆಫ್ ಆಗಿಯೇ ಇಲ್ಲ, ತುಂಡಾದ ಅರ್ತ್ ವೈರ್ ಹುಡುಕಿ. ಪೂರ್ತಿ ಥ್ರಾಟಲ್ ಕೆಲವೇ ಸೆಕೆಂಡು ಸಾಕು, ಇಂಜಿನ್ ತಣ್ಣಗಿಡಲು ಹಾರುವಾಗಿನ ಗಾಳಿ ಇಲ್ಲಿಲ್ಲ.

ತಣ್ಣಗಾದ ಮೇಲೆ ಬ್ಯಾಟರಿ ಕಳಚಿ ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿ, ಆಯಿಲ್‌ನಲ್ಲಿರುವ ಲೋಹದ ಚೂರು ಹಿಡಿದಿಡುವ ಮ್ಯಾಗ್ನೆಟಿಕ್ ಪ್ಲಗ್ ಬಿಚ್ಚಿ. ನುಣುಪಾದ ಮಸಿ ಸ್ವಲ್ಪ ಇದ್ದರೆ ತೊಂದರೆಯಿಲ್ಲ, ಕಣ್ಣಿಗೆ ಕಾಣುವ ಲೋಹದ ಚೂರು ಸಿಕ್ಕರೆ ಅದು ಎಲ್ಲಿಂದ ಬಂತು ಅಂತ ತಿಳಿಯುವವರೆಗೆ ಇಂಜಿನ್ ವಿಮಾನಕ್ಕೆ ಹತ್ತಿಸಬೇಡಿ.